ತೂಕವೂ ಇಳಿಯಬೇಕು, ಓಟವೂ ಸುಧಾರಿಸಬೇಕು: ಕಾರ್ಬ್ಸ್ ಬಿಡಬೇಕೋ, ತಿನ್ನಬೇಕೋ?

ಜಿಮ್ಮಿನ ಗೆಳೆಯ ಕಾರ್ಬ್ಸ್ (ಅನ್ನ, ರೊಟ್ಟಿ, ಸಕ್ಕರೆಯಂಥವುಗಳಲ್ಲಿರುವ ಪಿಷ್ಟ, ಸಕ್ಕರೆಯ ಅಂಶ) ಪೂರ್ತಿ ಬಿಟ್ಟುಬಿಡು ಅನ್ನುತ್ತಾನೆ, ಜೊತೆಗೆ ಓಡುವವರು ಕಾರ್ಬ್ಸ್ ಇಲ್ಲದೆ ಕಾಲು ಏಳುವುದಿಲ್ಲ ಅನ್ನುತ್ತಾರೆ, ನನಗೆ ತೂಕವೂ ಇಳಿಯಬೇಕು, ಹತ್ತು ಕಿಲೋಮೀಟರ್ ಓಟದ ಸಮಯವೂ ಸುಧಾರಿಸಬೇಕು, ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತೂಕದ ಮಟ್ಟಿಗೆ ಈ ಜಗಳದಲ್ಲಿ ಹುರುಳಿಲ್ಲ. ಓಟದ ಮಟ್ಟಿಗೆ ನಿಮ್ಮ ಜೊತೆ ಓಡುವವರದೇ ಸರಿ. ನಾನು ವೈದ್ಯನಲ್ಲ, ಭಾರ ಎತ್ತುವ, ಓಡುವ, ಇಂಥ ಅಧ್ಯಯನಗಳನ್ನು ಹುಡುಕಿ ಓದುವ ಚಟವಿರುವವನು, ಅಷ್ಟೆ.

ಮೊದಲು ತೂಕ. ಸ್ಟ್ಯಾನ್‌ಫರ್ಡ್‌ನ ಆಹಾರ ಸಂಶೋಧಕ ಕ್ರಿಸ್ಟೊಫರ್ ಗಾರ್ಡ್ನರ್ ತಂಡ 2018ರಲ್ಲಿ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಪ್ರಕಟಿಸಿತು. 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಾರ್ಬ್ಸ್ ಕಡಿಮೆ ಮಾಡಿ, ಇನ್ನೊಂದಕ್ಕೆ ಕೊಬ್ಬು ಕಡಿಮೆ ಮಾಡಿ ಎಂದರು. ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 6 ಕೆ.ಜಿ., ಎರಡನೆಯದು 5.3 ಕೆ.ಜಿ. ಇಳಿದಿತ್ತು. ಅದನ್ನು ವ್ಯತ್ಯಾಸ ಅನ್ನಲಾಗದು. ವಂಶವಾಹಿ ನೋಡಿಯೋ ಇನ್ಸುಲಿನ್ ಸ್ರವಿಸುವ ಪ್ರಮಾಣ ನೋಡಿಯೋ ಯಾರಿಗೆ ಯಾವುದು ಒಗ್ಗುತ್ತದೆಂದು ಮುಂಚೆಯೇ ಹೇಳಬಹುದೇ ಎಂದೂ ಪರೀಕ್ಷಿಸಿದರು, ಆಗಲಿಲ್ಲ. (ಜೀನ್ ಟೆಸ್ಟ್ ಮಾಡಿ ಡಯಟ್ ಬರೆದುಕೊಡುತ್ತೇವೆ ಅನ್ನುವವರಿಗೆ ದುಡ್ಡು ಕೊಡುವ ಮುಂಚೆ ಇದು ನೆನಪಿರಲಿ.) ಆದರೆ ಸರಾಸರಿಗಿಂತ ನನಗೆ ಮುಖ್ಯ ಅನ್ನಿಸಿದ್ದು ಬೇರೆ ಎರಡು ಸಂಗತಿ. ಎರಡೂ ಗುಂಪಿನಲ್ಲಿ ಇಪ್ಪತ್ತು ಕೆ.ಜಿ.ಗೂ ಹೆಚ್ಚು ಇಳಿಸಿದವರಿದ್ದರು, ಇದ್ದ ತೂಕಕ್ಕೆ ಇನ್ನಷ್ಟು ಸೇರಿಸಿಕೊಂಡವರೂ ಇದ್ದರು. ಮತ್ತೆ, ಕ್ಯಾಲೊರಿ ಎಣಿಸಿ ಎಂದು ಯಾರಿಗೂ ಹೇಳಿರಲಿಲ್ಲ. ಸಕ್ಕರೆ, ನುಣುಪು ಹಿಟ್ಟಿನ ಪದಾರ್ಥ ಬಿಡಿ, ತರಕಾರಿ ಹೆಚ್ಚಿಸಿ ಎಂದು ಮಾತ್ರ ಇಬ್ಬರಿಗೂ ಒಂದೇ ಪಾಠ ಹೇಳಿದ್ದರು.

ಹಾಗಾದರೆ ನಿಮ್ಮ ಗೆಳೆಯ ಕಾರ್ಬ್ಸ್ ಬಿಟ್ಟ ಮೊದಲ ವಾರದಲ್ಲೇ ಎರಡು ಕೆ.ಜಿ. ಇಳಿಸಿದ್ದು? ಅದರಲ್ಲಿ ಹೆಚ್ಚಿನದು ನೀರು. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಸುಮಾರು ಅರ್ಧ ಕಿಲೋದಷ್ಟು ಗ್ಲೈಕೋಜನ್ (ಕಾರ್ಬ್ಸ್ ಅನ್ನು ದೇಹ ಕೂಡಿಟ್ಟುಕೊಳ್ಳುವ ರೂಪ) ಇರುತ್ತದೆ, ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಕಾರ್ಬ್ಸ್ ನಿಲ್ಲಿಸಿದೊಡನೆ ಅದು ಖರ್ಚಾಗುತ್ತದೆ, ನೀರೂ ಹೋಗುತ್ತದೆ. ಮತ್ತೆ ತಿನ್ನಲು ಶುರು ಮಾಡಿದ ವಾರವೇ ಎರಡೂ ವಾಪಸ್. ಇಳಿದಾಗ ಹಿಗ್ಗಬೇಡಿ, ಏರಿದಾಗ ಗಾಬರಿಯಾಗಬೇಡಿ.

"ಕಾರ್ಬ್ಸ್ ತಿಂದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಏರಿದರೆ ಕೊಬ್ಬು ಕೂಡುತ್ತದೆ, ಹಸಿವೂ ಹೆಚ್ಚುತ್ತದೆ" ಎಂಬ ವಾದವನ್ನೂ ಬರೆದಿದ್ದೀರಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಇದನ್ನೇ ಪರೀಕ್ಷೆಗೆ ಒಡ್ಡಿದರು. 20 ಜನರನ್ನು ಅಲ್ಲೇ ಇರಿಸಿಕೊಂಡು, ಎರಡು ವಾರ ಶೇ. 75ರಷ್ಟು ಕಾರ್ಬ್ಸ್ ಇರುವ ಸಸ್ಯಾಹಾರ, ಎರಡು ವಾರ ಕೀಟೋ ಆಹಾರ (ಕಾರ್ಬ್ಸ್ ತೀರಾ ಕಡಿಮೆ, ಕೊಬ್ಬು ಹೆಚ್ಚು) ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಕಾರ್ಬ್ಸ್ ಹೆಚ್ಚಿದ್ದಾಗ ಇನ್ಸುಲಿನ್ ಏರಿದ್ದು ನಿಜ. ಆದರೆ ಜನ ದಿನಕ್ಕೆ ಸುಮಾರು 700 ಕ್ಯಾಲೊರಿ ಕಡಿಮೆಯೇ ತಿಂದರು! ಎರಡೇ ವಾರದ ಪ್ರಯೋಗ, ಅದನ್ನು ಹಿಡಿದು ಕೀಟೋ ಸೋತಿತು ಅನ್ನಲಾರೆ. ಕೀಟೋದಲ್ಲೂ ತೂಕ ಇಳಿದಿತ್ತು. ಆದರೆ ಇನ್ಸುಲಿನ್ ಏರಿದ ಮಾತ್ರಕ್ಕೆ ಮನುಷ್ಯ ಹೆಚ್ಚು ತಿನ್ನುತ್ತಾನೆ ಎಂಬ ಸರಳ ಕಥೆ ಮಾತ್ರ ಅಲ್ಲಿಗೆ ಬಿದ್ದುಹೋಯಿತು.

ಇನ್ನು ಓಟ. ಇಲ್ಲಿ ನನಗೆ ಅನುಮಾನವೇ ಇಲ್ಲ. ಆಸ್ಟ್ರೇಲಿಯಾದ ಕ್ರೀಡಾ ಆಹಾರ ತಜ್ಞೆ ಲೂಯಿಸ್ ಬರ್ಕ್ ವಿಶ್ವಮಟ್ಟದ ವೇಗ ನಡಿಗೆಯ ಕ್ರೀಡಾಪಟುಗಳನ್ನು ಮೂರು ವಾರ ತರಬೇತಿಗೆ ಹಾಕಿ 2017ರಲ್ಲಿ ವರದಿ ಮಾಡಿದರು. ಕಡಿಮೆ ಕಾರ್ಬ್ಸ್ ತಿಂದವರ ದೇಹ ಕೊಬ್ಬನ್ನು ಸುಡುವುದರಲ್ಲಿ ಅದ್ಭುತವಾಗಿ ಪಳಗಿತು, ಕೀಟೋದವರು ಹೇಳುವುದು ಅಷ್ಟರ ಮಟ್ಟಿಗೆ ನಿಜವೇ. ಆದರೆ ಅಷ್ಟೇ ಶಕ್ತಿ ಪಡೆಯಲು ಕೊಬ್ಬಿಗೆ ಹೆಚ್ಚು ಆಮ್ಲಜನಕ ಬೇಕು. ಅದೇ ವೇಗದಲ್ಲಿ ನಡೆಯಲು ಅವರಿಗೆ ಹೆಚ್ಚು ಉಸಿರು ಬೇಕಾಯಿತು. ಕಾರ್ಬ್ಸ್ ತಿಂದವರು 10 ಕಿಲೋಮೀಟರಿನಲ್ಲಿ ಸುಧಾರಿಸಿದರು, ಇವರು ಅದೇ ಕಠಿಣ ತರಬೇತಿ ಮುಗಿಸಿಯೂ ಸುಧಾರಿಸಲಿಲ್ಲ. ನಿಮ್ಮ ಗುರಿಯೂ ಹತ್ತೇ ಕಿಲೋಮೀಟರ್. ಏದುಸಿರು ಬರುವ ವೇಗದಲ್ಲಿ ಓಡುವ ದೂರ ಅದು, ನಿಧಾನಕ್ಕೆ ದಿನವಿಡೀ ಸಾಗುವುದಲ್ಲ.

ಆದ್ದರಿಂದ ನಿಮಗೆ ನಾನು ಹೇಳುವುದು: ಜೋರು ಓಟ ಅಥವಾ ದೂರದ ಓಟ ಇರುವ ದಿನ ಮುಂಚೆಯೂ ಆಮೇಲೂ ಕಾರ್ಬ್ಸ್ ತಿನ್ನಿ, ವಿಶ್ರಾಂತಿಯ ದಿನ ತಟ್ಟೆಯಲ್ಲಿ ಅದನ್ನು ತಗ್ಗಿಸಿ ತರಕಾರಿ ಹೆಚ್ಚಿಸಿ. ಸಿಹಿ ಪಾನೀಯ, ಪ್ಯಾಕೆಟ್ ತಿಂಡಿ ದೂರವಿಡಿ. ಇಡೀ ಧಾನ್ಯ, ಕಾಳು, ಹಣ್ಣಿನ ಕಾರ್ಬ್ಸನ್ನೂ ಇವುಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸುವುದೇ ಈ ಇಡೀ ವಾದದ ದೊಡ್ಡ ಗೊಂದಲ. ಭಾರವೂ ಎತ್ತುತ್ತೀರಾದರೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 1.6 ಗ್ರಾಂ ಆಸುಪಾಸು ಪ್ರೋಟೀನ್ ಇರಲಿ. ಇಷ್ಟು ಮಾಡಿಯೂ ಹಸಿವು ತಡೆಯಲಾಗದೆ ಕಾರ್ಬ್ಸ್ ಕಡಿಮೆ ಮಾಡಿದಾಗಲೇ ನೆಮ್ಮದಿ ಅನ್ನಿಸಿದರೆ, ಆ ಕೆಲವು ತಿಂಗಳು ಓಟದ ಸಮಯದ ಆಸೆ ಬದಿಗಿಟ್ಟು ಹಾಗೇ ಮಾಡಿ.

ಕೊನೆಗೆ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ನಿಮ್ಮ ತಾಯಿಯವರೂ ಜೊತೆಗೆ ಶುರು ಮಾಡುತ್ತಾರೆ ಅಂದಿರಿ. ಅವರ ಲೆಕ್ಕವೇ ಬೇರೆ. ಟೈಪ್ 2 ಮಧುಮೇಹದಲ್ಲಿ ಕಾರ್ಬ್ಸ್ ತಗ್ಗಿಸಿದರೆ ರಕ್ತದ ಸಕ್ಕರೆ ಇಳಿಯುತ್ತದೆ, ಕಡಿಮೆ ಕಾರ್ಬ್ಸ್ ಪರವಾಗಿ ಇರುವ ಗಟ್ಟಿ ವಾದ ಅದೇ. ಅಪಾಯ ಇರುವುದೂ ಅಲ್ಲೇ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯ ಪ್ರಮಾಣ ಹಾಗೇ ಇದ್ದು ಊಟ ಮಾತ್ರ ಬದಲಾದರೆ ಸಕ್ಕರೆ ತೀರಾ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಯ ಜೊತೆ ಕೀಟೋ ಮಾಡಿದರೆ ಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚಿಲ್ಲದಿದ್ದರೂ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರುವುದು) ಆಗುವ ಸಂಭವವಿದೆ, ಅದು ಆಸ್ಪತ್ರೆ ಸೇರಿಸುವಂಥದ್ದು. ಅವರು ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ತೆಗೆದುಕೊಂಡು ಮೊದಲು ವೈದ್ಯರ ಹತ್ತಿರ ಹೋಗಿಬನ್ನಿ. ಅಲ್ಲಿಯವರೆಗೆ ಅವರ ಊಟ ಇದ್ದ ಹಾಗೇ ಇರಲಿ.