ಕಬ್ಬಿನ ಗದ್ದೆಗೆ ಬಿದ್ದ ರಾಕೆಟ್ ಹುಡುಕಲು ಜಿಪಿಎಸ್ ಒಂದೇ ಸಾಕೇ?

ಮಾಡೆಲ್ ರಾಕೆಟ್ ಎತ್ತರದ ಬೆಳೆಯೊಳಗೆ ಇಳಿದರೆ ಜಿಪಿಎಸ್ ಟ್ರ್ಯಾಕರ್ ಸಾಕೇ, ರೇಡಿಯೋ ಬೀಕನ್ (ಬಿಡದೆ ಸಿಗ್ನಲ್ ಕಳಿಸುತ್ತಿರುವ ಪುಟ್ಟ ಟ್ರಾನ್ಸ್‌ಮಿಟರ್) ಕೂಡ ಬೇಕೇ ಅಂತ ಕೇಳಿದ್ದೀರಿ. ಜಾಗವಿದ್ದರೆ ಎರಡೂ ಹಾಕಿ. ಒಂದಕ್ಕೇ ಜಾಗವಿದ್ದರೆ ಜಿಪಿಎಸ್ ಇರಲಿ, ಆದರೆ ಅದರ ರೇಡಿಯೋ ಸಿಗ್ನಲ್ಲನ್ನೇ ಯಾಗಿ ಆಂಟೆನಾದಲ್ಲಿ (ಮುಖ ಮಾಡಿದ ಕಡೆಯಿಂದ ಬರುವ ಸಿಗ್ನಲ್ಲನ್ನು ಹೆಚ್ಚು ಹಿಡಿಯುವ ಆಂಟೆನಾ) ಹಿಡಿದು ದಿಕ್ಕು ಕಂಡುಹಿಡಿಯೋದನ್ನು ಕಲಿತುಕೊಳ್ಳಿ.

ಜಿಪಿಎಸ್ ತೋರಿಸುವ ಕೊನೆಯ ಲೊಕೇಶನ್ ರಾಕೆಟ್ ಬಿದ್ದ ಜಾಗವಲ್ಲ, ಟ್ರ್ಯಾಕರ್ ರೇಡಿಯೋದಲ್ಲಿ ಕಳಿಸಿದ ಕೊನೆಯ ಪ್ಯಾಕೆಟ್ (ಲೊಕೇಶನ್ ಹೊತ್ತ ಸಂದೇಶ) ನಿಮಗೆ ಮುಟ್ಟಿದಾಗ ಅದು ಇದ್ದ ಜಾಗ. ಕೆಳಗಿಳಿದಂತೆ ಮರ, ದಿಬ್ಬ ಅಡ್ಡ ಬಂದು ಸಿಗ್ನಲ್ ಕಡಿಯುತ್ತದೆ. 100 ಮೀಟರ್ ಎತ್ತರದಲ್ಲಿ ಕಡಿಯಿತು ಅಂದುಕೊಳ್ಳಿ. ಪ್ಯಾರಾಚೂಟ್ ಸೆಕೆಂಡಿಗೆ 5 ಮೀಟರ್ ಇಳಿಯುತ್ತಿದ್ದರೆ ಇನ್ನೂ 20 ಸೆಕೆಂಡ್ ಮೇಲೇ ಇರುತ್ತದೆ. ಗಾಳಿ ಸೆಕೆಂಡಿಗೆ 6 ಮೀಟರ್ ಇದ್ದರೆ 120 ಮೀಟರ್ ಆಚೆ ಹೋಗಿ ಬೀಳುತ್ತದೆ. ಕಬ್ಬಿನೊಳಗೆ ಅದು ಬಹಳ ದೂರ. ಹಾಗಾಗಿ ಕೊನೆಯ ಲೊಕೇಶನ್ನಿಗೆ ಹೋಗಿ, ಅಲ್ಲಿಂದ ಗಾಳಿ ಸಾಗಿದ ಕಡೆಗೆ ನಡೆಯಿರಿ. ರಿಸೀವರನ್ನು ಕೋಲಿಗೆ ಕಟ್ಟಿ ತಲೆಯಿಂದ ಮೇಲೆತ್ತಿ. ಬಹಳ ಸಲ ಹೊಸ ಪ್ಯಾಕೆಟ್ ಬಂದೇ ಬರುತ್ತದೆ.

ಬಾರದಿದ್ದರೆ ಯಾಗಿ ಕೈಗೆತ್ತಿಕೊಳ್ಳಿ. ಮೂರು ಎಲಿಮೆಂಟಿನ (ಅಡ್ಡ ಕಡ್ಡಿಗಳ) ಯಾಗಿ ಸುಮಾರು 60 ಡಿಗ್ರಿ ಅಗಲಕ್ಕೆ ಕೇಳಿಸಿಕೊಳ್ಳುತ್ತದೆ, ಆದ್ದರಿಂದ ಸಿಗ್ನಲ್ ಎಲ್ಲಿ ಅತಿ ಜೋರು ಅಂತ ಹುಡುಕಬೇಡಿ. ಎಡಕ್ಕೆ ತಿರುಗುತ್ತಾ ಎಲ್ಲಿ ಕುಗ್ಗುತ್ತದೆ ನೋಡಿ, ಬಲಕ್ಕೂ ನೋಡಿ. ಎರಡರ ನಟ್ಟನಡುವಿನ ದಿಕ್ಕಲ್ಲಿ ರಾಕೆಟ್ ಇರುತ್ತದೆ. ಯಾಗಿಯನ್ನು ಒಮ್ಮೆ ಅಡ್ಡಲಾಗಿ, ಒಮ್ಮೆ ನೆಟ್ಟಗೆ ಹಿಡಿದು ನೋಡಿ. ಬಿದ್ದ ರಾಕೆಟ್ಟಿನ ಆಂಟೆನಾ ಮಲಗಿರುತ್ತದೆ. ಪಕ್ಕಕ್ಕೆ ಇನ್ನೂರು ಮೀಟರ್ ಸರಿದು ಇನ್ನೊಂದು ದಿಕ್ಕು ತೆಗೆದುಕೊಂಡರೆ ಎರಡು ಗೆರೆ ಕೂಡುವ ಜಾಗ ಸಿಗುತ್ತದೆ. 5 ಡಿಗ್ರಿ ತಪ್ಪಿದರೆ 1 ಕಿಲೋಮೀಟರ್ ದೂರದಲ್ಲಿ 87 ಮೀಟರ್ ತಪ್ಪುತ್ತದೆ, 100 ಮೀಟರಿನಲ್ಲಿ ಬರೀ 9. ಹತ್ತಿರವಾದಂತೆಲ್ಲ ಮತ್ತೆ ಮತ್ತೆ ದಿಕ್ಕು ತೆಗೆಯಿರಿ.

ತೀರಾ ಹತ್ತಿರ ಬಂದಾಗ ಯಾವ ಕಡೆ ತಿರುಗಿಸಿದರೂ ಸಿಗ್ನಲ್ ಬಲ ತೋರಿಸುವ ಮೀಟರ್ ತುಂಬಿಬಿಡುತ್ತದೆ. ಆಗ ಅಟೆನ್ಯುಯೇಟರ್ (ಸಿಗ್ನಲ್ ಕುಗ್ಗಿಸುವ ಸಾಧನ) ಹಾಕಿ, ಇಲ್ಲವೇ ಬೀಕನ್ ಕೇಳಲು ಎಫ್‌ಎಂ ಹ್ಯಾಂಡ್‌ಸೆಟ್ (ವಾಕಿ-ಟಾಕಿ) ಬಳಸುತ್ತಿದ್ದರೆ ಅದನ್ನು 5 ಕಿಲೋಹರ್ಟ್ಸ್ ಪಕ್ಕಕ್ಕೆ ಟ್ಯೂನ್ ಮಾಡಿ. ಯಾಗಿ ಬಿಚ್ಚಿ ಹ್ಯಾಂಡ್‌ಸೆಟ್ಟನ್ನು ಎದೆಗೊತ್ತಿಕೊಂಡು ನಿಧಾನ ಸುತ್ತಿದರೂ ಆದೀತು: ಸಿಗ್ನಲ್ ಅತಿ ಕಡಿಮೆಯಾದಾಗ ರಾಕೆಟ್ ನಿಮ್ಮ ಬೆನ್ನ ಹಿಂದಿದೆ.

ಇನ್ನೊಂದು ತಪ್ಪು ಮೈಲಿಗಟ್ಟಲೆ ಅಲೆಸುತ್ತದೆ. ಜಿಪಿಎಸ್ ಮಾಡ್ಯೂಲ್ ಅಕ್ಷಾಂಶವನ್ನು 1258.3200 ಅಂತ ಕೊಟ್ಟರೆ ಅದು 12 ಡಿಗ್ರಿ 58.32 ಮಿನಿಟ್, ಅಂದರೆ 12.9720 ಡಿಗ್ರಿ. ಅದನ್ನು 12.5832 ಅಂತ ಮ್ಯಾಪಿಗೆ ಹಾಕಿದರೆ 43 ಕಿಲೋಮೀಟರ್ ಆಚೆ ತೋರಿಸುತ್ತದೆ.

ಟ್ರ್ಯಾಕರನ್ನು ನೋಸ್ ಕೋನಿನಲ್ಲಿಡಿ (ರಾಕೆಟ್ಟಿನ ಚೂಪು ತುದಿ), ಪಕ್ಕದಲ್ಲಿ ಉಕ್ಕಿನ ರಾಡ್ ಬೇಡ. ಕಾರ್ಬನ್ ಫೈಬರ್ ಸಿಗ್ನಲ್ಲನ್ನು ತಡೆಯುತ್ತದೆ. ರಟ್ಟು, ಫೈಬರ್‌ಗ್ಲಾಸ್ ಪರವಾಗಿಲ್ಲ. ನಮ್ಮಲ್ಲಿ 865–867 ಮೆಗಾಹರ್ಟ್ಸ್ ಲೋರಾಗೆ (ಕಡಿಮೆ ಶಕ್ತಿಯಲ್ಲಿ ದೂರ ಮುಟ್ಟುವ ರೇಡಿಯೋ ವಿಧಾನ) ಲೈಸೆನ್ಸ್ ಬೇಡ, 434–438ರ ಹ್ಯಾಮ್ (ಹವ್ಯಾಸಿ ರೇಡಿಯೋ) ಬ್ಯಾಂಡಿಗೆ ಬೇಕು. ಹಾರಿಸುವ ಮೊದಲು ರಾಕೆಟ್ಟನ್ನು ಪೂರ್ತಿ ಜೋಡಿಸಿ ಹುಲ್ಲಿನ ಮೇಲೆ ಮಲಗಿಸಿ, ಸಿಗ್ನಲ್ ಎಷ್ಟು ದೂರ ಸಿಗುತ್ತದೆ ಅಂತ ನಡೆದು ನೋಡಿ. ಹುಡುಕುವಾಗ ನಿಮಗೆ ಸಿಗೋದು ಅಷ್ಟೇ ರೇಂಜ್.