ಪಶ್ಚಿಮ ಸಹಾರಾಕ್ಕೆ ಯಾವ ದೇಶದ ವೀಸಾ ಬೇಕು? ಒಬ್ಬನೇ ಹೋಗಬಹುದೇ?

ಆ ನಾಡಿನ ಬಹುಭಾಗ ಮೊರಾಕ್ಕೊ ಹಿಡಿತದಲ್ಲಿದೆ, ಹಾಗಾಗಿ ಮೊರಾಕ್ಕೊ ವೀಸಾ ಸಾಕು, ಭಾರತೀಯರಿಗೆ ಇ-ವೀಸಾ ಸಿಗುತ್ತದೆ. ಕಾಸಾಬ್ಲಾಂಕಾದಿಂದ ಅಲ್ಲಿನ ಲಾಯೂನ್, ದಾಖ್ಲಾ ಪಟ್ಟಣಗಳಿಗೆ ವಿಮಾನ ಇದೆ. ಸಮಯವಿದ್ದರೆ ಮೊರಾಕ್ಕೊದ ಅಗಾದಿರ್‌ನಿಂದ ಬಸ್ಸು ಹಿಡಿಯಿರಿ. ನಾನು ಹಾಗೇ ಹೋದೆ, ಒಬ್ಬನೇ. ಬಲಕ್ಕೆ ಅಟ್ಲಾಂಟಿಕ್, ಎಡಕ್ಕೆ ಬಯಲೋ ಬಯಲು. ಆ ನಾಡು ಎಷ್ಟು ದೊಡ್ಡದು, ಜನ ಎಷ್ಟು ವಿರಳ ಅನ್ನುವುದು ವಿಮಾನದಲ್ಲಿ ಹೋದರೆ ತಿಳಿಯುವುದಿಲ್ಲ.

ದಾರಿಯಲ್ಲಿ ಚೆಕ್‌ಪೋಸ್ಟ್‌ಗಳಿವೆ. ಪಾಸ್‌ಪೋರ್ಟ್ ಜೆರಾಕ್ಸ್ ಹತ್ತಾರು ಇಟ್ಟುಕೊಳ್ಳಿ, ಮೇಲೆ ನಿಮ್ಮ ಕೆಲಸ ಏನೆಂದು ಬರೆದಿಡಿ. ಪತ್ರಕರ್ತರನ್ನೂ ಮಾನವ ಹಕ್ಕುಗಳ ಕಾರ್ಯಕರ್ತರನ್ನೂ ಅಲ್ಲಿಂದ ವಾಪಸ್ ಕಳಿಸಿದ ಉದಾಹರಣೆಗಳಿವೆ. ಡ್ರೋನ್ ಒಯ್ಯಲೇಬೇಡಿ. ಪೊಲೀಸರ, ಸೈನಿಕರ ಫೋಟೊ ಬೇಡ.

ನಕ್ಷೆ ನೋಡಿ ಒಳನಾಡಿನತ್ತ ಹೊರಡುವ ಆಸೆ ಆಗುತ್ತದೆ, ದಯವಿಟ್ಟು ತಡೆದುಕೊಳ್ಳಿ. 1980ರ ದಶಕದಲ್ಲಿ ಮೊರಾಕ್ಕೊ ಕಟ್ಟಿದ ಸುಮಾರು 2,700 ಕಿ.ಮೀ. ಉದ್ದದ ಮರಳುಗೋಡೆ ಈ ನಾಡನ್ನು ಸೀಳಿದೆ, ಅದರುದ್ದಕ್ಕೂ ನೆಲಬಾಂಬ್‌ಗಳಿವೆ. ಗೋಡೆಯಾಚೆಗಿನ ಪಟ್ಟಿ ಈ ನಾಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡುವ ಪೊಲಿಸಾರಿಯೊ ಸಂಘಟನೆಯ ಕೈಯಲ್ಲಿದೆ. 1991ರ ಕದನವಿರಾಮ 2020ರ ನವೆಂಬರ್‌ನಲ್ಲಿ ಮುರಿದುಬಿತ್ತು, 2023ರಲ್ಲಿ ಸ್ಮಾರಾ ಪಟ್ಟಣದಲ್ಲೇ ಸ್ಫೋಟಗಳಾದವು. ಹಾಗಾಗಿ ಕರಾವಳಿ ರಸ್ತೆ ಬಿಡಬೇಡಿ ಅನ್ನುತ್ತೇನೆ. ಇನ್ಶೂರೆನ್ಸ್ ಈ ಪ್ರದೇಶಕ್ಕೆ ಅನ್ವಯಿಸುತ್ತದೆಯೇ ಎಂದು ಮೊದಲೇ ಕೇಳಿ.

ನೀವು ಕೇಳದ ಒಂದು ಮಾತು ಹೇಳಲೇಬೇಕು. ನೀವು ನೋಡುವುದು ಗೋಡೆಯ ಒಂದು ಬದಿಯನ್ನಷ್ಟೇ. 1975ರಲ್ಲಿ ಸ್ಪೇನ್ ತನ್ನ ವಸಾಹತಾಗಿದ್ದ ಈ ನಾಡನ್ನು ಕೈಬಿಡಲು ಹೊರಟಾಗ ಶುರುವಾದ ಯುದ್ಧದಿಂದ ಓಡಿಹೋದ ಸಹ್ರಾವಿಗಳು, ಅಂದರೆ ಇಲ್ಲಿನ ಮೂಲ ಜನ, ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಅಲ್ಜೀರಿಯಾದ ತಿಂದೂಫ್ ಶಿಬಿರಗಳಲ್ಲಿದ್ದಾರೆ. ಮೊರಾಕ್ಕೊ–ಅಲ್ಜೀರಿಯಾ ಗಡಿ 1994ರಿಂದ ಮುಚ್ಚಿದೆ, ಅಣ್ಣ ಈಚೆ ತಂಗಿ ಆಚೆ ಉಳಿದ ಮನೆತನಗಳಿವೆ. ನಮ್ಮ ಸರ್ಕಾರವೂ ಪೊಲಿಸಾರಿಯೊ ಘೋಷಿಸಿದ ಸಹ್ರಾವಿ ಗಣರಾಜ್ಯಕ್ಕೆ 1985ರಲ್ಲಿ ಮಾನ್ಯತೆ ಕೊಟ್ಟು 2000ದಲ್ಲಿ ಹಿಂದೆ ಪಡೆಯಿತು. ಇದನ್ನೆಲ್ಲ ಇಲ್ಲೇ ಓದಿಕೊಂಡು ಹೋಗಿ. ಅಲ್ಲಿ ಚಹಾ ಕೊಟ್ಟವರ ಹತ್ತಿರ "ನೀವು ಯಾರ ಕಡೆ?" ಎಂದು ಕೇಳಬೇಡಿ. ನಿಮ್ಮನ್ನು ಹೆಚ್ಚೆಂದರೆ ಊರಿಗೆ ಕಳಿಸುತ್ತಾರೆ. ಉತ್ತರ ಕೊಟ್ಟವರು ಅಲ್ಲೇ ಬಾಳಬೇಕು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಹೆಸರು, ಮುಖ ಯಾವುದನ್ನೂ ಇನ್‌ಸ್ಟಾಗ್ರಾಂಗೆ ಹಾಕಬೇಡಿ. ಚಹಾ ಮೂರು ಸುತ್ತು ಬರುತ್ತದೆ, ನಡುವೆ ಎದ್ದು ಹೋಗಬೇಡಿ.

ಮುಂದೆ ಮಾರಿಟೇನಿಯಾಕ್ಕೂ ಹೋಗುವುದಾದರೆ ಅದರ ವೀಸಾ ಮೊದಲೇ ಮಾಡಿಸಿ. ಗೆರ್ಗೆರಾತ್ ಗಡಿ ದಾಟಿದ ಮೇಲಿನ ಕೆಲವು ಕಿಲೋಮೀಟರ್ ಉದ್ದಕ್ಕೂ ವಾಹನಗಳು ಹೋಗುವ ದಾರಿ ಬಿಟ್ಟು ಪಕ್ಕಕ್ಕೆ ಕಾಲಿಡಬೇಡಿ, ಅಲ್ಲೂ ನೆಲಬಾಂಬ್ ಭಯವಿದೆ.