ಎನ್‌ವಿಡಿಯಾ ಡ್ರೈವರ್: ಉಬುಂಟುವಿನ ಭಂಡಾರ ಇರುವಾಗ ಜಾಲತಾಣಕ್ಕೇಕೆ ಹೋಗುತ್ತೀರಿ?

ಪ್ರಶ್ನೆ: ನನ್ನ ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ಎನ್‌ವಿಡಿಯಾ ಜಾಲತಾಣದಿಂದ ಇಳಿಸಿಕೊಂಡು ಉಬುಂಟು ಲಿನಕ್ಸಿಗೆ ಹಾಕಿದ್ದೆ. ಕೆಲವು ವಾರ ಚೆನ್ನಾಗಿತ್ತು. ಮೊನ್ನೆ ಅಪ್‌ಡೇಟ್ ಆದ ಮೇಲೆ ಪರದೆ ಕಪ್ಪಾಗಿದೆ. ಎಲ್ಲವನ್ನೂ ಅಳಿಸಿ ಉಬುಂಟುವನ್ನು ಹೊಸದಾಗಿ ಹಾಕಬೇಕೇ?

ಉತ್ತರ: ಬೇಡ, ಏನನ್ನೂ ಅಳಿಸಬೇಡಿ. ಈ ಪ್ರಶ್ನೆ ನನಗೆ ಬರುವುದು ನಿಲ್ಲುವುದೇ ಇಲ್ಲ. ಇದಕ್ಕಾಗಿ ಜನ ತಮ್ಮ ಕಡತಗಳನ್ನೆಲ್ಲ ಕಳೆದುಕೊಳ್ಳುವುದನ್ನು ಕಂಡು ಸಂಕಟವಾಗುತ್ತದೆ.

ಡ್ರೈವರ್ ಎಂದರೆ ಕಾರ್ಡನ್ನು ನಡೆಸುವ ತಂತ್ರಾಂಶ. ಅದರ ಒಂದು ಭಾಗ, ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಒಳಗೆ ಮಾಡ್ಯೂಲ್ ಎಂಬ ತುಣುಕಾಗಿ ಕೂರುತ್ತದೆ. ಹೊರಗಿನಿಂದ ಬರುವ ಮಾಡ್ಯೂಲುಗಳಿಗಾಗಿ ಲಿನಕ್ಸ್ ಕರ್ನಲ್ ತನ್ನ ಒಳರಚನೆಯನ್ನು ಬದಲಿಸದೆ ಇಟ್ಟುಕೊಳ್ಳುವುದಿಲ್ಲ. ಅದನ್ನು ಬರೆಯುವವರ ನಿಲುವೇ ಅದು. ಹಾಗಾಗಿ ಕರ್ನಲ್ ಬದಲಾದಾಗ ಮಾಡ್ಯೂಲನ್ನೂ ಮತ್ತೆ ಕಟ್ಟಬೇಕು. ನೀವು ಕೈಯಾರೆ ಹಾಕಿದ ಡ್ರೈವರ್ ಉಬುಂಟುವಿನ ಪ್ಯಾಕೇಜ್ ಲೆಕ್ಕಕ್ಕೆ ಸೇರಿಯೇ ಇಲ್ಲ. ಅಪ್‌ಡೇಟ್ ಹೊಸ ಕರ್ನಲ್ ತಂದಿತು, ಅದಕ್ಕೆ ಹೊಂದುವ ಮಾಡ್ಯೂಲ್ ಯಾರೂ ಕಟ್ಟಲಿಲ್ಲ. ಮುಕ್ತ ಡ್ರೈವರ್ ಆದ ನೂವೋ ನೆರವಿಗೆ ಬರಬಹುದಿತ್ತು, ಆದರೆ ಅದನ್ನು ನಿಮ್ಮ ಇನ್‌ಸ್ಟಾಲರ್ ಮೊದಲೇ ತಡೆದಿಟ್ಟಿತ್ತು. ಕಾರ್ಡನ್ನು ನಡೆಸುವವರೇ ಇಲ್ಲದಿದ್ದರೆ ಪರದೆ ಕಪ್ಪಾಗದೆ ಇನ್ನೇನು?

ಯಂತ್ರ ಚಾಲೂ ಆಗುವಾಗ ಎಸ್ಕೇಪ್ ಕೀಲಿ ಒತ್ತಿ ಯಾವ ಕರ್ನಲ್ಲಿನಿಂದ ಚಾಲೂ ಆಗಬೇಕೆಂದು ಕೇಳುವ ಗ್ರಬ್ ಪಟ್ಟಿಗೆ ಹೋಗಿ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಇರುತ್ತದೆ, ಅದನ್ನು ಆರಿಸಿದರೆ ಸಾಮಾನ್ಯವಾಗಿ ಪರದೆ ಮರಳುತ್ತದೆ. ಮರಳದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಅಕ್ಷರಗಳ ಪರದೆಯಲ್ಲಿ ಲಾಗಿನ್ ಆಗಿ. ಜಾಲತಾಣದ ಡ್ರೈವರನ್ನು ಅದರದೇ ಅನ್‌ಇನ್‌ಸ್ಟಾಲ್ ಆದೇಶದಿಂದ ತೆಗೆಯಿರಿ, ಕಡತಗಳನ್ನು ಹುಡುಕಿ ಹುಡುಕಿ ಅಳಿಸಬೇಡಿ. ಬಳಿಕ ಉಬುಂಟುವಿನ ಭಂಡಾರದ (ಅದರದೇ ತಂತ್ರಾಂಶ ಸಂಗ್ರಹದ) ಡ್ರೈವರುಗಳನ್ನು ತೋರಿಸುವ ‘ಅಡಿಷನಲ್ ಡ್ರೈವರ್ಸ್’ ತೆರೆದು ‘ಟೆಸ್ಟೆಡ್’ ಎಂದು ಗುರುತಿಸಿರುವುದನ್ನು ಆರಿಸಿ. ಅತಿ ದೊಡ್ಡ ಸಂಖ್ಯೆಯ ಆವೃತ್ತಿಯೇ ಶ್ರೇಷ್ಠ ಎಂಬ ಭ್ರಮೆ ಬಿಡಿ. ಭಂಡಾರದಿಂದ ಬಂದ ಡ್ರೈವರಿಗೆ ಹೊಸ ಕರ್ನಲ್ ಬಂದಾಗಲೆಲ್ಲ ತಕ್ಕ ಮಾಡ್ಯೂಲ್ ಸಿದ್ಧವಾಗಿಯೇ ಬರುತ್ತದೆ, ಇಲ್ಲವೇ ಡಿಕೆಎಂಎಸ್ ಎಂಬ ಉಪಕರಣ ನಿಮ್ಮ ಯಂತ್ರದಲ್ಲೇ ಕಟ್ಟಿಕೊಡುತ್ತದೆ.

ಹೆಚ್ಚಿನವರು ಎಡವುವುದು ಇದರ ನಂತರ. ಸೆಕ್ಯೂರ್ ಬೂಟ್ ಎಂಬ ಚಾಲನೆಯ ರಕ್ಷಣೆ ಇರುವ ಯಂತ್ರದಲ್ಲಿ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಅದಕ್ಕಾಗಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಬಹುದು. ಮರುಚಾಲನೆಯಲ್ಲಿ ನೀಲಿ ಪರದೆ ಬರುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ (ಸಹಿಯ ಕೀಲಿಯನ್ನು ನೋಂದಾಯಿಸುವ ಆಯ್ಕೆ) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಜನ ಗಾಬರಿಯಿಂದ ‘ಕಂಟಿನ್ಯೂ’ ಒತ್ತಿಬಿಡುತ್ತಾರೆ, ಡ್ರೈವರ್ ಏಳುವುದಿಲ್ಲ, ದೂರು ನನಗೆ ಬರುತ್ತದೆ. ದಯವಿಟ್ಟು ಪರದೆಯ ಮೇಲೆ ಬರೆದಿರುವುದನ್ನು ಓದಿ.

‘ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಿ, ಈ ಒಂದು ಸಾಲನ್ನು ರೂಟ್ ಆಗಿ ಚಲಾಯಿಸಿ’ ಎನ್ನುವ ವಿಡಿಯೊ ಪಂಡಿತರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಯಾರೋ ಬರೆದ ಸ್ಕ್ರಿಪ್ಟಿಗೆ ಇಡೀ ಯಂತ್ರದ ಅಧಿಕಾರ ಕೊಡುವುದು ಮನೆಯ ಕೀಲಿಯನ್ನು ದಾರಿಹೋಕನ ಕೈಗೆ ಇಟ್ಟ ಹಾಗೆ. ಪರೀಕ್ಷೆಯೋ ಕಚೇರಿಯ ಗಡುವೋ ಹತ್ತಿರವಿದ್ದರೆ ಕೆಲಸ ಮಾಡುತ್ತಿರುವ ಡ್ರೈವರನ್ನು ಮುಟ್ಟಲೇಬೇಡಿ.

ಪ್ರಶ್ನೆ: ಎಎಂಡಿ ರೇಡಿಯಾನ್ ಕಾರ್ಡಿಗೆ ಡ್ರೈವರ್ ಎಲ್ಲಿ ಸಿಗುತ್ತದೆ?

ಉತ್ತರ: ನಿಮ್ಮ ಯಂತ್ರದಲ್ಲೇ ಇದೆ, ಎಎಂಡಿಜಿಪಿಯು ಡ್ರೈವರ್ 2015ರಿಂದಲೂ ಕರ್ನಲ್ಲಿನಲ್ಲೇ ಬರುತ್ತಿದೆ, ಹುಡುಕುವುದನ್ನು ನಿಲ್ಲಿಸಿ.

ಪ್ರಶ್ನೆ: 2022ರಲ್ಲಿ ಎನ್‌ವಿಡಿಯಾ ತನ್ನ ಡ್ರೈವರನ್ನು ಮುಕ್ತಗೊಳಿಸಿತಲ್ಲವೇ?

ಉತ್ತರ: ಕರ್ನಲ್ ಮಾಡ್ಯೂಲುಗಳನ್ನು ಮಾತ್ರ, ಅದೂ ಟ್ಯೂರಿಂಗ್ ಪೀಳಿಗೆ ಮತ್ತು ನಂತರದ ಕಾರ್ಡುಗಳಿಗೆ. ಗ್ರಾಫಿಕ್ಸಿನ ಓಪನ್‌ಜಿಎಲ್, ವಲ್ಕನ್ ಮತ್ತು ಲೆಕ್ಕಾಚಾರದ ಕೂಡಾ (CUDA) ನಡೆಸುವ ಭಾಗ ಇಂದಿಗೂ ಮುಚ್ಚಿಯೇ ಇದೆ.

ಪ್ರಶ್ನೆ: ಜಿಟಿಎಕ್ಸ್ 1060ಕ್ಕೆ ಹೊಸ ಡ್ರೈವರ್ ಹೊಂದುತ್ತಿಲ್ಲ.

ಉತ್ತರ: ಆ ಪೀಳಿಗೆಗೆ 580 ಸರಣಿಯೇ ಕೊನೆಯದು. ಅದನ್ನೇ ಹಾಕಿಕೊಳ್ಳಿ, ಕಾರ್ಡ್ ಇನ್ನೂ ದುಡಿಯುತ್ತದೆ.